ಪರಂಗಿ ಹಣ್ಣು ಕಿತ್ತುಕೊಂಡರು, ಕಾಫಿ ಲೋಟ ಕೈಗೆ ಕೊಟ್ಟರು

ಹೋದ ತಿಂಗಳು ನಮ್ಮಕ್ಕನ ಮೊಮ್ಮಗಳ ಸೀಮಂತಕ್ಕೆ ಅರಸೀಕೆರೆಗೆ ಹೋಗಿದ್ದೆ. ಹುಡುಗಿ ಹಣ್ಣಿನ ತಟ್ಟೆಯಿಂದ ಒಂದು ಹೋಳು ಪರಂಗಿ ಹಣ್ಣು ಎತ್ತಿಕೊಂಡಳು. ಬಾಯಿಗೆ ಇಡುವುದರೊಳಗೆ ಮೂರು ಕಡೆಯಿಂದ ಮೂರು ಕೈ ಬಂತು. "ಅಯ್ಯೋ, ಬಿಡೇ! ಬಸುರಿ ತಿನ್ನಬಾರದು!" ಪಾಪ, ಕದ್ದು ಸಿಕ್ಕಿಬಿದ್ದವಳ ಹಾಗೆ ಹೋಳನ್ನು ತಟ್ಟೆಗೆ ಹಾಕಿದಳು. ಸರಿ, ಊಟ ಆಯಿತು. ಎಲೆ ಎತ್ತುತ್ತಿದ್ದ ಹಾಗೇ ಅವಳ ಅತ್ತೆ ಪರ್ಸಿನಿಂದ ಕೆಂಪು ಕಬ್ಬಿಣದ ಮಾತ್ರೆ ತೆಗೆದು ಕೈಗಿಟ್ಟರು. ನುಂಗಲು ಏನು? ದೊಡ್ಡ ಲೋಟದ ತುಂಬ ಸ್ಟ್ರಾಂಗ್ ಕಾಫಿ! ಆಗ ಒಂದು ಕೈಯೂ ಮುಂದೆ ಬರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸೀಮಂತದ ಮನೆ ಅಂತ ಬಾಯಿ ಮುಚ್ಚಿಕೊಂಡು ಬಂದೆ. ಇಲ್ಲಿ ಮುಚ್ಚಿಕೊಳ್ಳಬೇಕಾಗಿಲ್ಲ ಅಲ್ವಾ.

ಮೊದಲು ಆ ಪರಂಗಿಯದ್ದೇ ಮುಗಿಸಿಬಿಡೋಣ. ಬೇಡದ್ದು ಕಾಯಿ. ಕಾಯಿ ಗೀರಿದರೆ ಬಿಳಿ ಹಾಲು ಬರುತ್ತದಲ್ಲ, ತೊಂದರೆ ಇರುವುದು ಅದರಲ್ಲಿ. ಮಾಂಸ ಬೇಗ ಬೇಯಲಿ ಅಂತ ಕಾಯಿಯ ಚೂರು ಹಾಕುತ್ತಾರೆ, ಅಷ್ಟು ಬಲ ಆ ಹಾಲಿಗೆ. ಹಾಗಾಗಿ ಪರಂಗಿಕಾಯಿ ಪಲ್ಯ ಬೇಡ, ಇನ್ನೂ ಹಸಿರು ಉಳಿದಿರುವ ಅರೆಹಣ್ಣೂ ಬೇಡ. ಸಿಪ್ಪೆಯೆಲ್ಲ ಹಳದಿಯಾಗಿ, ಒತ್ತಿದರೆ ಬೆರಳು ಇಳಿಯುವಂಥ ಹಣ್ಣಿನಲ್ಲಿ ಆ ಹಾಲು ಇರುವುದೇ ಇಲ್ಲ ಅನ್ನಬೇಕು. ಒಂದೆರಡು ಹೋಳು ತಿಂದರೆ ಏನೂ ಆಗಲ್ಲ. ಅನಾನಸ್ಸೂ ಅಷ್ಟೇ, ಇಡೀ ಹಣ್ಣು ಕೂತು ತಿನ್ನದಿದ್ದರೆ ಸಾಕು. ಎಳ್ಳು ಉಷ್ಣ ಅಂತ ಸಂಕ್ರಾಂತಿಯ ಎಳ್ಳನ್ನೂ ಕಿತ್ತುಕೊಳ್ಳುವವರಿದ್ದಾರೆ. ಒಂದು ಹಿಡಿ ಎಳ್ಳಿಗೆ ಯಾರ ಬಸಿರೂ ಇಳಿದದ್ದನ್ನು ನಾನು ನೋಡಿಲ್ಲ.

ಈಗ ಕಾಫಿ. ಕಾಫಿ ಬಿಡಿ ಅಂತ ನಾನು ಹೇಳಲ್ಲ. ಹಾಸನದ ಕಡೆಯವಳು, ಹಾಗಂದರೆ ನನ್ನ ನಾಲಿಗೆಯೇ ಬಿದ್ದುಹೋಗುತ್ತೆ. ಆದರೆ ಲೆಕ್ಕ ಇರಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರ ಪ್ರಕಾರ 150 ಮಿಲಿ ಲೋಟದ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಂಗಡಿಯ ಇನ್‌ಸ್ಟಂಟ್ ಪುಡಿಯದ್ದಾದರೆ 50ರಿಂದ 65. ಟೀಯಲ್ಲಿ 30ರಿಂದ 65. ಬಸುರಿಗೆ ದಿನಕ್ಕೆ 200 ದಾಟಬಾರದು ಅಂತ ಡಾಕ್ಟರುಗಳು ಹೇಳುವುದು. ಅಂದರೆ ಬೆಳಿಗ್ಗೆ ಒಂದು ಸಣ್ಣ ಲೋಟ, ಸಾಯಂಕಾಲ ಒಂದು. ಅಷ್ಟೇ. "ಅರ್ಧ ಲೋಟ ಕೊಡಿ ಆಂಟಿ" ಅಂತ ಆರು ಸಲ ಕುಡಿದರೆ ಅದು ಮೂರು ಲೋಟ. ನಾನು ನನ್ನ ಸೊಸೆಗೆ ಮಾಡುತ್ತಿದ್ದದ್ದು ಹೀಗೆ: ಮೊದಲ ಡಿಕಾಕ್ಷನ್ ಗಂಡಸರಿಗೆ, ಎರಡನೆಯ ಸಲ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್ ಅವಳಿಗೆ, ಹಾಲು ಜಾಸ್ತಿ. ಪರಿಮಳ ಇರುತ್ತೆ, ಬಲ ಇರಲ್ಲ. ಪುಡಿಗೆ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸಿದರೂ ಆಗುತ್ತೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. (ಡಿಕಾಕ್ಷನ್ ಇಳಿಯುತ್ತಿಲ್ಲ ಅಂತ ಫಿಲ್ಟರನ್ನು ಮೇಜಿಗೆ ಕುಟ್ಟುತ್ತೀರಲ್ಲ, ತೂತು ಕಟ್ಟಿರುತ್ತೆ ಅಷ್ಟೆ. ಸ್ಟೀಲಿನದಾದರೆ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಸುಡಿ. ಕೂತಿದ್ದ ಪುಡಿ ಕರಕಲಾಗುತ್ತೆ. ಆರಿದ ಮೇಲೆ ಹಳೇ ಬ್ರಷ್ಷಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ನಕ್ಷತ್ರದ ಹಾಗೆ ತೂತು ಕಾಣಬೇಕು.)

ಲೋಟದ ಲೆಕ್ಕಕ್ಕಿಂತ ನನಗೆ ಸಿಟ್ಟು ಬರುವುದು ಹೊತ್ತಿನ ವಿಷಯಕ್ಕೆ. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಊಟದ ಮೇಲೆ ಒಂದು ಗಂಟೆ, ಎರಡನ್ನೂ ಮುಟ್ಟಬೇಡಿ. ಸರ್ಕಾರ ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದು ಮಾತ್ರೆಯಂತೆ 180 ದಿನ ಪುಕ್ಕಟೆ ಕೊಡುತ್ತದೆ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ನಡೆದು ಮನೆಬಾಗಿಲಿಗೆ ತಂದುಕೊಡುತ್ತಾಳೆ. ಅದನ್ನು ಕಾಫಿಯಲ್ಲಿ ನುಂಗಿದರೆ ಅರ್ಧ ಬಚ್ಚಲಿಗೆ ಸುರಿದ ಹಾಗೆ. ಹಾಲಿನಲ್ಲೂ ಬೇಡ. ಸುಣ್ಣದಂಶದ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಒಂದು ಲೋಟ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಅದರಲ್ಲಿ ನುಂಗಿ. ಇಲ್ಲ, ನೀರಿನಲ್ಲಿ ನುಂಗಿ ಒಂದು ಸೀಬೆಹಣ್ಣು ತಿನ್ನಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವ ಮುಂಚೆ. ಮಲ ಕಪ್ಪಗಾಯಿತು ಅಂತ ಹೆದರಿ ಮಾತ್ರೆ ನಿಲ್ಲಿಸಬೇಡಿ, ಅದು ಆಗುವುದೇ ಹಾಗೆ.

ಇನ್ನು ಹಸಿ ಪದಾರ್ಥ. ನನ್ನ ಕೇಳಿದರೆ ಬಸುರಿ ಹೆದರಬೇಕಾದ್ದು ಇದಕ್ಕೆ. ಬೀದಿಯ ಪಾನಿಪೂರಿಯ ಪಾನಿ, ತೊಳೆದರೋ ಇಲ್ಲವೋ ಗೊತ್ತಿಲ್ಲದ ಪುದೀನ ಚಟ್ನಿ, ಮೇಲೆ ಉದುರಿಸಿದ ಹಸಿ ಕೊತ್ತಂಬರಿ. ಮಣ್ಣಿನಲ್ಲಿ ಬೆಕ್ಕಿನ ಹೊಲಸಿನಿಂದ ಬರುವ ಟಾಕ್ಸೊಪ್ಲಾಸ್ಮಾ ಅನ್ನುವ ಒಂದು ಕ್ರಿಮಿ ಇರುತ್ತದೆ. ನಮಗೆ ನಿಮಗೆ ಬಂದರೆ ಗೊತ್ತೇ ಆಗಲ್ಲ. ಬಸುರಿಗೆ ಹೊಸದಾಗಿ ಬಂದರೆ ಹೊಟ್ಟೆಯೊಳಗಿನ ಮಗುವಿಗೆ ತಟ್ಟಬಹುದು. ಮನೆಯಲ್ಲಿ ಬೆಕ್ಕು ಸಾಕಿದ್ದರೆ ಒಂಬತ್ತು ತಿಂಗಳು ಅದರ ಹೊಲಸು ಬಾಚುವ ಕೆಲಸ ಗಂಡನದ್ದು. ಹೇಳಿ, ನಾನೇ ಹೇಳಿದೆ ಅನ್ನಿ.

ಅದಕ್ಕೇ ಸೊಪ್ಪು ತೊಳೆಯುವುದನ್ನು ಕಲಿಯಿರಿ ಅಂತ ಬಡಿದುಕೊಳ್ಳುವುದು. ನೀವು ಮಾಡುವುದನ್ನು ನೋಡಿದ್ದೇನೆ. ಸೊಪ್ಪು ಹೆಚ್ಚಿ, ತೂತಿನ ಬುಟ್ಟಿಗೆ ಹಾಕಿ, ನಲ್ಲಿ ಕೆಳಗೆ ಒಂದು ಸಲ ಹಿಡಿದು, ಆಯಿತು ಅನ್ನುತ್ತೀರಿ. ಎಲೆಯ ಮಡಿಕೆಯೊಳಗಿನ ಮಣ್ಣು ಅಲ್ಲೇ ಇರುತ್ತೆ. ನನ್ನ ಕ್ರಮ ಬೇರೆ. ಮೊದಲು ಕಟ್ಟು ಬಿಚ್ಚದೆ ತಲೆಕೆಳಗೆ ಹಿಡಿದು ಹಿತ್ತಲಲ್ಲಿ ಎರಡು ಸಲ ಒದರಿ. ಆಮೇಲೆ ಬೇರು ಕತ್ತರಿಸಿ. ಬೇರಿನ ಅಂಚಿಗಲ್ಲ, ಅದರ ಮೇಲೆ ದಂಟು ಸೇರುವ ಕಡೆ ಕಪ್ಪಗೆ ಮಣ್ಣು ಕೂತಿರುತ್ತಲ್ಲ, ಅದಕ್ಕೂ ಮೇಲೆ. ಕೊಳೆತ ಎಲೆ ಆರಿಸಿ. ಹೆಚ್ಚಬೇಡಿ, ಹೆಚ್ಚುವುದು ತೊಳೆದ ಮೇಲೆ. ಅಗಲ ಬಾಯಿಯ ತಪ್ಪಲೆಗೆ ಸೊಪ್ಪು ಈಜಾಡುವಷ್ಟು ನೀರು ತುಂಬಿ, ಸೊಪ್ಪು ಹಾಕಿ, ಕೈಯಲ್ಲಿ ಆಡಿಸಿ. ಆಡಿಸಿ ಬಿಟ್ಟುಬಿಡಿ. ನಾಲ್ಕು ಎಸಳು ಬೆಳ್ಳುಳ್ಳಿ ಸುಲಿಯುವಷ್ಟು ಹೊತ್ತು ಸುಮ್ನೆ ಇರಿ. ಮಣ್ಣು ತಳಕ್ಕೆ ಇಳಿಯುತ್ತೆ. ಈಗ ಎರಡೂ ಕೈಯಲ್ಲಿ ಸೊಪ್ಪನ್ನು ಮೇಲೆತ್ತಿ ಬುಟ್ಟಿಗೆ ಹಾಕಿ. ತಪ್ಪಲೆ ಬಗ್ಗಿಸಬಾರದು! ಬಗ್ಗಿಸಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಸುರಿಯುತ್ತೆ, ತೊಳೆದದ್ದು ನೀರಲ್ಲಿ ಹೋಮ. ಆಮೇಲೆ ನೀರು ಗಿಡಕ್ಕೆ ಚೆಲ್ಲಿ, ತಳ ಉಜ್ಜಿ, ಹೊಸ ನೀರು. ಹೀಗೆ ಮೂರು ಸಲ. ಮಳೆಗಾಲದಲ್ಲಿ ನಾಲ್ಕು. ಸಾಕೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗಲ್ಲ, ಸೊಪ್ಪೆತ್ತಿದ ಮೇಲೆ ತಪ್ಪಲೆಯ ತಳಕ್ಕೆ ಅಂಗೈ ಸವರಿ. ಒಂದೇ ಒಂದು ಕಣ ಮರಳು ಚುಚ್ಚಿದರೂ ಇನ್ನೊಂದು ನೀರು. ಕೊತ್ತಂಬರಿಯನ್ನು ಮಾತ್ರ ಹಿಡಿಗಟ್ಟಲೆ ಹಿಡಿದು, ಪೊರಕೆ ಅದ್ದಿದ ಹಾಗೆ ತಲೆ ಕೆಳಗೆ ಮಾಡಿ ಅದ್ದಿ ಅದ್ದಿ ತೆಗೆಯಿರಿ. ಉಪ್ಪು, ಅರಿಶಿನ ಹಾಕುತ್ತೀರಾ? ಹಾಕಿ, ಹುಳ ಇದ್ದರೆ ಬಿಡುತ್ತೆ. ಆದರೆ ಅದನ್ನು ಹಾಕಿದೆ ಅಂತ ಒಂದು ನೀರು ಕಮ್ಮಿ ಮಾಡಬೇಡಿ. ಇಷ್ಟಾದ ಮೇಲೂ ಬಸುರಿಗೆ ಬೇಯಿಸಿದ ಸೊಪ್ಪೇ ವಾಸಿ.

ಇದನ್ನು ನನಗೆ ಕಲಿಸಿದ್ದು ನಮ್ಮತ್ತೆ, 1978ರಲ್ಲಿ, ನನ್ನ ಮೊದಲ ಬಸಿರಿನಲ್ಲಿ. ಬಾವಿಕಟ್ಟೆಯ ಮೇಲೆ ಕೂರಿಸಿ, ಅವರು ನೀರು ಸೇದುವುದು, ನಾನು ತೊಳೆಯುವುದು. ಕ್ರಿಮಿ ಪಿಮಿ ಅವರಿಗೆ ಗೊತ್ತಿರಲಿಲ್ಲ. "ಮಾವನ ಹಲ್ಲಿಗೆ ಮರಳು ಸಿಕ್ಕಿದರೆ ತಟ್ಟೆ ಬಿಟ್ಟು ಏಳ್ತಾರೆ ಕಣೇ" ಅನ್ನುತ್ತಿದ್ದರು. ಎದ್ದಿದ್ದೂ ಉಂಟು.

ಉಳಿದದ್ದು ಬೇಗ ಹೇಳುತ್ತೇನೆ. ಊರಿಗೆ ಹೋದಾಗ ಕರೆದ ಕೂಡಲೇ ನೊರೆಹಾಲು ಕುಡಿಸುತ್ತಾರೆ, ಒಳ್ಳೆಯದು ಅಂತ. ಬಸುರಿಗೆ ಅಲ್ಲ, ಹಾಲು ಉಕ್ಕಿ ಬರಲೇಬೇಕು. ಹಸಿ ಹಾಲಿನ ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ದೇವರು ಕೋಪಿಸಿಕೊಳ್ಳಲ್ಲ. ಮೊಟ್ಟೆ ತಿನ್ನುವವರು ಹಳದಿ ಗಟ್ಟಿಯಾಗುವ ತನಕ ಬೇಯಿಸಿ. ಡಯಟ್ ಅಂತ ಹಸಿ ಮೊಳಕೆಕಾಳು ಮೆಲ್ಲುವುದು ನಿಲ್ಲಿಸಿ. ನಮ್ಮಲ್ಲಿ ಮೊಳಕೆ ಹುರುಳಿಕಾಳು ಬಂದದ್ದೇ ಸಾರಿಗೆ, ಬಸಿದು ಬೇಯಿಸಿ. ಫ್ರಿಜ್ಜಿನಲ್ಲಿಟ್ಟರೆ ಎಲ್ಲ ಸತ್ತುಹೋಗುತ್ತೆ ಅಂದುಕೊಂಡಿದ್ದೀರಿ, ಕೆಲವು ಕ್ರಿಮಿ ಅಲ್ಲೂ ಬೆಳೆಯುತ್ತವೆ. ನಿನ್ನೆಯ ಸಾರನ್ನು ಉಗುರುಬೆಚ್ಚಗೆ ಮಾಡಿ ಬಡಿಸಬೇಡಿ, ಕೊತಕೊತ ಕುದಿಸಿ. ಸಮುದ್ರದ ದೊಡ್ಡ ಮೀನಿನಲ್ಲಿ, ಶಾರ್ಕಿನಂಥದ್ದರಲ್ಲಿ, ಪಾದರಸ ಜಾಸ್ತಿ. ಬಂಗುಡೆ, ಬೂತಾಯಿ ತಿನ್ನಿ. ಕುರಿಯ ಲಿವರ್ ರಕ್ತ ಆಗುತ್ತೆ ಅಂತ ವಾರಕ್ಕೆ ಮೂರು ಸಲ ತಿನ್ನಿಸುತ್ತಾರೆ, ಅದರಲ್ಲಿ ಎ ವಿಟಮಿನ್ ವಿಪರೀತ, ಬಸುರಿಗೆ ಬೇಡ. ಉಪ್ಪಿನಕಾಯಿ ನಂಚಿಕೊಳ್ಳುವಷ್ಟು, ಅನ್ನಕ್ಕೆ ಕಲಸುವಷ್ಟಲ್ಲ. ಬಿಪಿ ಇದ್ದರೆ ಹಪ್ಪಳ ಸಂಡಿಗೆಯ ಡಬ್ಬಿ ಅಟ್ಟದ ಮೇಲಿಡಿ. ಮದ್ಯ ಒಂದು ಹನಿಯೂ ಇಲ್ಲ. ಸೀಮಂತದ ತಾಂಬೂಲ ಮಡಿಲಲ್ಲಿರಲಿ, ಅಡಿಕೆ ಬಾಯಿಗೆ ಬೇಡ. ಚರ್ಮ ಹೊಳೆಯಲಿ ಅಂತ ಲೋಳೆಸರದ ಜ್ಯೂಸ್ ಕುಡಿಯುವವರೂ ಇದ್ದಾರೆ, ಅದನ್ನು ಇವತ್ತೇ ಚೆಲ್ಲಿ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತೆ ಅನ್ನುವುದು ಸುಳ್ಳು. ನಮ್ಮ ಮನೆಯಲ್ಲಿ ಡಬ್ಬಿಗಟ್ಟಲೆ ಕುಡಿದವಳ ಮಗ ಅವರಪ್ಪನ ಬಣ್ಣವೇ.

ಕೊನೆಗೆ ಬಯಕೆ. ಹುಳಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನಲಿ ಬಿಡಿ, ತೊಳೆದಿದ್ದರೆ ಆಯಿತು. ಆದರೆ ಹುಡುಗಿ ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ಕಡೆ ಕೈ ಹಾಕುತ್ತಿದ್ದಾಳೆ ಅಂತ ಕಂಡರೆ ನಗಬೇಡಿ, ಗದರಲೂಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಬಂದರೆ ಬಸುರಿಗೆ ರಕ್ತ ಕಮ್ಮಿ ಅಂತಲೇ ಲೆಕ್ಕ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ತಿಂದವಳೇ. ನನ್ನ ಮೈದುನನ ಸ್ಲೇಟಿನ ಬಳಪ ಕದ್ದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಪಾಪ, ಆ ಹುಡುಗ ದಿನಾ ಬಳಪ ಕಳೆದೆ ಅಂತ ಏಟು ತಿನ್ನುತ್ತಿದ್ದ. ಒಂದು ದಿನ ಬಟ್ಟೆ ಒಗೆಯುವಾಗ ಅತ್ತೆ ಆ ಗಂಟು ಬಿಚ್ಚಿದರು. ಬೆಳ್ಳಗೆ ಮೂರು ಚೂರು. ಏನೂ ಅನ್ನಲಿಲ್ಲ, ಮಾರನೆಯ ದಿನ ಬಸ್ಸು ಹತ್ತಿಸಿ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಕ್ತ ಎಂಟೇ ಇತ್ತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಕಾಫಿ?" ನಾನು ತಲೆ ತಗ್ಗಿಸಿ ಎರಡು ಅಂದೆ. ಅತ್ತೆ ಪಕ್ಕದಲ್ಲಿ ನಿಂತು, ಐದು ಬೆರಳು ತೋರಿಸಿದರು.