ಭಾಷಣ ಬಿಟ್ಟು ತೋಡಿಗಿಳಿದ ಮಕ್ಕಳು

ಕಾಸರಗೋಡಿನ ಪೆರ್ಲ ಕಡೆಯ ನಮ್ಮೂರಿನ ಯುವಕ ಮಂಡಲದಲ್ಲಿ ಹೈಸ್ಕೂಲು, ಕಾಲೇಜು ಮಕ್ಕಳ ತಂಡವನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮಕ್ಕಳಲ್ಲಿ ನಾಯಕತ್ವ ಬೆಳೆಸುವುದು ಹೇಗೆ ಅಂತ ಬೇರೆ ಊರಿನ ಸಂಘದವರು ಆಗಾಗ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ಊರಿಗೆ ನಿಜವಾಗಿ ಬೇಕಾದ ಕೆಲಸ ಒಂದನ್ನು ಅವರ ಕೈಗೆ ಕೊಡಿ. ಅದರ ದುಡ್ಡು, ಅದರ ಜಗಳ ಎರಡನ್ನೂ ಸೇರಿಸಿ ಕೊಡಿ.

ವ್ಯಕ್ತಿತ್ವ ವಿಕಸನ ಶಿಬಿರಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅತಿಥಿಗಳು ಬರುತ್ತಾರೆ, ಶಾಲು ಹೊದಿಸುತ್ತೇವೆ, ಮಕ್ಕಳು ಚಪ್ಪಾಳೆ ತಟ್ಟಿ ಊಟ ಮಾಡಿ ಹೋಗುತ್ತಾರೆ. ಪಂಚಾಯತಿನ ಕೇರಳೋತ್ಸವಕ್ಕೆ (ಯುವಜನರ ಆಟ, ಕಲೆಗಳ ಸ್ಪರ್ಧೆ) ತಂಡ ಕಟ್ಟುವುದು ಅದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಕಡೇಪಕ್ಷ ಯಾರು ಆಡುವುದು, ಯಾರು ಹೊರಗೆ ಕೂರುವುದು ಅಂತ ತೀರ್ಮಾನ ಮಾಡಬೇಕಾಗುತ್ತದೆ.

ನಾವು ಆರಿಸಿಕೊಂಡ ಕೆಲಸ ಕಟ್ಟ, ಅಂದರೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಹೊರಗಿನವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ 12 ನದಿಗಳಿವೆ, ಮಳೆಯೂ ಧಾರಾಳ. ಆದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ನೀರಿಲ್ಲ, ಬಾವಿಯ ತಳ ಕಾಣುತ್ತದೆ, ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದಲ್ಲೂ ಹನಿ ಕಮ್ಮಿಯಾಗುತ್ತದೆ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಅಡ್ಡ ಕಟ್ಟಿ ನೀರು ನಿಲ್ಲಿಸುವುದು ಇಲ್ಲಿನ ಹಳೆಯ ಪದ್ಧತಿ. ನಿಂತ ನೀರು ಮೆಲ್ಲಗೆ ಇಂಗಿ ಅಕ್ಕಪಕ್ಕದ ಬಾವಿಗಳಿಗೆ ಸೇರುತ್ತದೆ. ಮುಂದಿನ ಮಳೆಗಾಲಕ್ಕೆ ಅದನ್ನು ಬಿಚ್ಚಬೇಕು. ಅಂದರೆ ಪ್ರತಿ ವರ್ಷ ಹೊಸದಾಗಿ ಊರನ್ನು ಒಟ್ಟು ಸೇರಿಸಬೇಕು. ಕೊಳವೆಬಾವಿ ಬಂದ ಮೇಲೆ ಆ ಒಟ್ಟು ಸೇರುವುದೇ ಬಿಟ್ಟುಹೋಗಿತ್ತು. ಮಕ್ಕಳ ತರಬೇತಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಹೊಳೆಯಲಿಲ್ಲ.

ಅಧ್ಯಕ್ಷ, ಕಾರ್ಯದರ್ಶಿ ಅಂತ ವರ್ಷವಿಡೀ ಹುದ್ದೆ ಕೊಡುವುದನ್ನು ಮಕ್ಕಳ ತಂಡದಲ್ಲಿ ನಾವು ಇಟ್ಟುಕೊಂಡಿಲ್ಲ. ಹುದ್ದೆ ಸಿಕ್ಕಿದವನು ಲೆಟರ್‌ಹೆಡ್ ಮಾಡಿಸಿಕೊಳ್ಳುತ್ತಾನೆ, ಉಳಿದವರು ಸುಮ್ನೆ ಕೂರುತ್ತಾರೆ. ಬದಲಿಗೆ ಕೆಲಸಕ್ಕೊಬ್ಬ ಮೇಸ್ತ್ರಿ. ತೋಟದವರ ಒಪ್ಪಿಗೆ ಕೇಳುವವರು, ಸಾಮಾನು ತರಿಸುವವರು, ಊಟ ನೋಡುವವರು, ಹಣದ ಪುಸ್ತಕ ಇಡುವವರು. ಪ್ರತಿಯೊಬ್ಬರ ಜೊತೆ ವಯಸ್ಸಿನಲ್ಲಿ ಚಿಕ್ಕವನೋ ಚಿಕ್ಕವಳೋ ಒಬ್ಬ ಜೊತೆಗಾರ. ಬ್ಯಾಂಕಿನ ಸಹಿ ಮಂಡಲದ ಹಿರಿಯರದ್ದೇ. ಆದರೆ ಯಾವುದಕ್ಕೆ ಎಷ್ಟು ಖರ್ಚು ಅಂತ ಮಕ್ಕಳೇ ನಿರ್ಧರಿಸುತ್ತಾರೆ. ಭಾನುವಾರದ ಸಭೆಯಲ್ಲಿ ಲೆಕ್ಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಚಹಾದ ಖರ್ಚು ಜಾಸ್ತಿಯಾಯಿತು ಅಂತ ಕೇಳುವವರು ಇದ್ದೇ ಇರುತ್ತಾರೆ. ಸಿಟ್ಟು ಮಾಡದೆ ಉತ್ತರ ಕೊಡುವುದನ್ನು ಕಲಿಯುವುದು ಅಲ್ಲೇ.

ಹದಿನೆಂಟು ತುಂಬದವರು ನೀರಿಗಿಳಿಯಲು ಮನೆಯವರ ಒಪ್ಪಿಗೆ ಚೀಟಿ ಬೇಕು, ಜೊತೆಗೆ ಈಜು ಬಲ್ಲ ದೊಡ್ಡವರು ಇರಲೇಬೇಕು. ಈ ಎರಡರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಕಷ್ಟದ ಭಾಗ ಮಣ್ಣು ಹೊರುವುದಲ್ಲ, ತೋಟದ ಯಜಮಾನರನ್ನು ಒಪ್ಪಿಸುವುದು. ಇದಕ್ಕೆ ನಾನು ಜೊತೆಗೆ ಹೋಗುವುದಿಲ್ಲ. ನಾನಿದ್ದರೆ ಅವರು ನನ್ನ ಹತ್ತಿರವೇ ಮಾತಾಡುತ್ತಾರೆ, ಮಕ್ಕಳು ಚಪ್ಪಲಿ ನೋಡುತ್ತಾ ನಿಲ್ಲುತ್ತಾರೆ. ಇಬ್ಬಿಬ್ಬರಾಗಿ ಕಳಿಸುತ್ತೇನೆ. ಹೋಗುವ ಮೊದಲು ಏನು ಕೇಳಬೇಕು, ಅವರು ಏನು ಹೇಳಬಹುದು ಅಂತ ಬರೆದುಕೊಳ್ಳಬೇಕು. ಒಬ್ಬ ಹಿರಿಯರು ಖಡಾಖಂಡಿತವಾಗಿ ಆಗದು ಅಂದರು. ಹುಡುಗರು ಮುಖ ಸಣ್ಣದು ಮಾಡಿಕೊಂಡು ಬಂದರು. "ಅವರು ಯಾಕೆ ಬೇಡ ಅಂದದ್ದು?" ಅಂತ ಕೇಳಿದೆ. ಅದನ್ನು ಇವರು ಕೇಳಿಯೇ ಇರಲಿಲ್ಲ.

ಮರುದಿನ ಮತ್ತೆ ಹೋದರು. "ಮಾವ, ನಾವು ಒಪ್ಪಿಸಲಿಕ್ಕೆ ಬಂದದ್ದಲ್ಲ. ನಿಮ್ಮ ತೊಂದರೆ ಏನು ಅಂತ ತಿಳಿಯಲಿಕ್ಕೆ ಬಂದದ್ದು" ಅಂದರಂತೆ. ವಿಷಯ ಸಣ್ಣದು. ತೋಡಿನ ಬದಿಯ ಅಡಿಕೆ ಮರಗಳ ಬುಡದಲ್ಲಿ ನೀರು ನಿಂತು ಬೇರು ಕೊಳೆತೀತು ಅಂತ ಅವರಿಗೆ ಹೆದರಿಕೆ. ಅದು ಸುಳ್ಳು ಹೆದರಿಕೆಯೂ ಅಲ್ಲ. ಮಕ್ಕಳು ಕೋಲು, ಹಗ್ಗ ತಂದು ಅವರೆದುರೇ ದಂಡೆಯ ಎತ್ತರ ಅಳೆದರು. ಎಷ್ಟು ಮೇಲೆ ನೀರು ಬರಬಾರದು ಅಂತ ಅವರ ಕೈಯಲ್ಲೇ ಕಲ್ಲಿಗೆ ಗುರುತು ಹಾಕಿಸಿದರು. ಗುರುತಿಗಿಂತ ಕೆಳಗೆ ಹೆಚ್ಚಿನ ನೀರು ಹೋಗಲು ದಾರಿ ಬಿಡುತ್ತೇವೆ ಅಂತ ಮಾತು ಕೊಟ್ಟರು. ಅವರು ಒಪ್ಪಿದರು, ಕೆಲಸದ ದಿನ ಹಾರೆಯನ್ನೂ ಕೊಟ್ಟರು. ಹತ್ತು ಶಿಬಿರ ಮಾಡಿದರೂ ಇದನ್ನು ಕಲಿಸಲು ನನ್ನಿಂದ ಆಗುತ್ತಿರಲಿಲ್ಲ.

ಕಟ್ಟುವಾಗ ಜಗಳ ಖಂಡಿತ. ಜೇಡಿಮಣ್ಣು ಸಾಕೋ, ಪ್ಲಾಸ್ಟಿಕ್ ಶೀಟ್ ಬೇಕೋ ಅಂತ ಒಂದು ಬೆಳಗ್ಗೆ ಪೂರ್ತಿ ವಾದ ಆಯಿತು. ಉತ್ತರ ನನಗೆ ಗೊತ್ತಿತ್ತು. ಬಾಯಿ ಮುಚ್ಚಿ ದಂಡೆಯಲ್ಲಿ ಕೂತೆ. ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಇದೇ. ಕೊನೆಗೆ ಶೀಟಿನ ಬೆಲೆ ಎಷ್ಟು, ಹಳೇ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿದರೆ ಎಷ್ಟು ಆಳು ಬೇಕು ಅಂತ ಹಣದ ಪುಸ್ತಕದ ಹುಡುಗಿ ಲೆಕ್ಕ ಮುಂದಿಟ್ಟಳು. ಜೋರಾಗಿ ಕೂಗುತ್ತಿದ್ದವರು ತಣ್ಣಗಾದರು.

ಭಾಷೆಯ ವಿಷಯ ಹೇಳದಿದ್ದರೆ ಕಾಸರಗೋಡಿನ ಅನುಭವ ಅಂತ ಆಗುವುದಿಲ್ಲ. ನಮ್ಮ ತಂಡದಲ್ಲಿ ಕನ್ನಡ ಮೀಡಿಯಂನವರೂ ಇದ್ದಾರೆ, ಮಲಯಾಳಂ ಮೀಡಿಯಂನವರೂ ಇದ್ದಾರೆ. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಕರಾಡ ಮರಾಠಿ. ಸಭೆಯ ಮಾತು ಹೆಚ್ಚಾಗಿ ತುಳುವಿನಲ್ಲಿ, ಬರವಣಿಗೆ ಕನ್ನಡದಲ್ಲಿ, ನೋಟೀಸು ಕನ್ನಡ, ಮಲಯಾಳಂ ಎರಡರಲ್ಲೂ. ಕಚೇರಿಯ ಮೆಟ್ಟಿಲು ಹತ್ತುವಾಗ ಮಾತ್ರ ಕನ್ನಡದ ಮಕ್ಕಳ ದನಿ ಇಳಿಯುತ್ತದೆ. ಮಲಯಾಳಂ ತಪ್ಪಾದರೆ ನಗುತ್ತಾರೆ ಅನ್ನುವ ಅಳುಕು.

ಹಾಗಾಗಿ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯನ್ನು ಅವರ ಜೊತೆ ಕೂತು ಓದಿದೆವು. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಒಂದು ಕಚೇರಿಯಲ್ಲಿ ಅರ್ಜಿಯನ್ನು ಮಲಯಾಳಂನಲ್ಲಿ ಬರೆದು ತನ್ನಿ ಅಂದಾಗ, ಪ್ಲಸ್‌ಟು ಓದುವ ನಮ್ಮ ಹುಡುಗಿ ಆ ಕಾಯ್ದೆಯ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟಳು. ಮಾತಾಡಿದ್ದು ಮಲಯಾಳಂನಲ್ಲೇ, ಅರ್ಜಿ ಮಾತ್ರ ಕನ್ನಡದ್ದು. ಅರ್ಜಿ ತೆಗೆದುಕೊಂಡರು. ಎರಡೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಹಕ್ಕು ಗೊತ್ತಿದ್ದು ಆಚೆಯವರ ಭಾಷೆ ಬಾರದಿದ್ದರೆ ಬರೀ ಜಗಳ ಆಗುತ್ತದೆ ಅಲ್ವಾ?

ಮುಂದಿನ ಮೆಟ್ಟಿಲು ಗ್ರಾಮಸಭೆ. ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಶೇಕಡಾ 10 ಮಂದಿ ಇದ್ದರೆ ಕೋರಂ. ಹದಿನೆಂಟು ತುಂಬಿ ಪಟ್ಟಿಯಲ್ಲಿ ಹೆಸರು ಸೇರಿದ ಕೂಡಲೇ ನಮ್ಮವರು ಹೋಗಲೇಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಹಿಂದಿನ ದಿನ ಅಭ್ಯಾಸ: ಸ್ವಲ್ಪವೇ ಹೊತ್ತು ಮಾತು, ಒಂದೇ ಬೇಡಿಕೆ, ಕೊನೆಗೆ ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಸುವುದು. ಬರೆಸದಿದ್ದರೆ ಎಷ್ಟು ಚೆಂದ ಮಾತಾಡಿದರೂ ಗಾಳಿಗೆ ಹೋಯಿತು.

ಹುಡುಗಿಯರ ಬಗ್ಗೆ ಒಂದು ಮಾತು. ಸಭೆ ಸಂಜೆ ಇದ್ದಾಗ ಅವರು ಬರುತ್ತಿರಲಿಲ್ಲ. ಭಾನುವಾರ ಬೆಳಗ್ಗೆಗೆ ಹಾಕಿದೆವು, ಬಂದರು. ಅದಕ್ಕೆ ಬೇರೆ ಯಾವ ಜಾಗೃತಿಯೂ ಬೇಕಾಗಲಿಲ್ಲ.

ದೊಡ್ಡ ತಲೆನೋವು ಎಂದರೆ, ಕೆಲಸ ಕಲಿತವರು ಊರಲ್ಲಿ ನಿಲ್ಲುವುದಿಲ್ಲ. ಪ್ಲಸ್‌ಟು ಮುಗಿದರೆ ಮಂಗಳೂರು, ಆಮೇಲೆ ಬೆಂಗಳೂರೋ ಗಲ್ಫೋ. ಜೊತೆಗಾರರನ್ನು ಇಟ್ಟದ್ದು ಇದಕ್ಕೇ. ದೊಡ್ಡವರು ಹೊರಟ ವರ್ಷ ಚಿಕ್ಕವರೇ ಮೇಸ್ತ್ರಿ. ಆದರೆ ಹೋದವರು ಅಲ್ಲಿಂದ ವಾಟ್ಸಾಪಿನಲ್ಲಿ ಕಟ್ಟದ ಫೋಟೋ ನೋಡಿ "ಕಲ್ಲು ಹೀಗಿಡಬೇಡಿ, ಹಾಗಿಡಿ" ಅಂತ ಸಂದೇಶ ಹಾಕುತ್ತಾರೆ. ಚಂದಾ ಕಳಿಸಿ, ಸಲಹೆ ಬೇಡ ಅಂತ ಅವರಿಗೆ ಫೋನು ಮಾಡುವುದೇ ಡಿಸೆಂಬರಿನಲ್ಲಿ ನನಗೆ ಉಳಿದಿರುವ ಮುಖ್ಯ ಕೆಲಸ.