ಕಾರವಾರದ ಸೆಕೆಯಲ್ಲಿ ಕ್ರಾಫ್ಟ್ ಬಿಯರನ್ನು ಕೊಳ್ಳುವ, ಕಾಪಾಡುವ ಮತ್ತು ಸವಿದು ನೋಡುವ ಕ್ರಮ

ಸಣ್ಣ ಬ್ರೂವರಿಗಳು, ಅಂದರೆ ಬಿಯರ್ ತಯಾರಿಸುವ ಸಣ್ಣ ಘಟಕಗಳು, ಮಾಡುವ ಹೊಸ ಕ್ರಾಫ್ಟ್ ಬಿಯರೊಂದು ಅಂಗಡಿಗೆ ಬಂದಿತೆಂದರೆ ಅದರ ರುಚಿ ಹೇಗಿದೆ, ಕ್ಯಾನಿನ ಮೇಲಿನ ಚಿತ್ರ ಹೇಗಿದೆ, ಹಿಂದಿನ ಬ್ಯಾಚಿಗಿಂತ ಇದು ಮೇಲೋ ಕೀಳೋ ಎಂಬ ಮಾತು ನಮ್ಮ ಕಾರವಾರದ ಗೆಳೆಯರ ಬಳಗದಲ್ಲಿ ಆ ಸಂಜೆಯೇ ಶುರುವಾಗುತ್ತದೆ. ಇಂಥ ಮಾತು ಇರಬೇಕಾದದ್ದೇ. ಸಣ್ಣ ಬ್ರೂವರಿಗಳು ಸುಧಾರಿಸುವುದು ಕುಡಿಯುವವರು ಗಮನವಿಟ್ಟು ಆಡುವ ಮಾತಿನಿಂದಲೇ. ಆದರೆ ಕರಾವಳಿಯಲ್ಲಿ ಕುಳಿತು ಬಿಯರಿನ ಬಗ್ಗೆ ತೀರ್ಪು ಕೊಡುವವರು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಲೋಟದಲ್ಲಿ ಕಂಡ ದೋಷವೆಲ್ಲ ತಯಾರಿಕೆಯ ದೋಷವಲ್ಲ. ಸೆಕೆ, ಬೆಳಕು, ಕಳೆದ ದಿನಗಳು ಇವು ಮೂರೂ ಬ್ರೂವರಿಯ ಬಾಗಿಲು ದಾಟಿದ ಮೇಲೆ ಬಿಯರನ್ನು ಕೆಡಿಸುತ್ತವೆ, ಮತ್ತು ನಮ್ಮ ಊರಿನಲ್ಲಿ ಬೇಗ ಕೆಡಿಸುತ್ತವೆ.

ಇದನ್ನು ನಾವು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲಿನಲ್ಲಿ ಬಹಳ ನಿರೀಕ್ಷೆಯಿಂದ ತಂದ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳ ಇರಬೇಕಾದ ಕಡೆ ಒದ್ದೆ ರಟ್ಟಿನ ವಾಸನೆ ಬಂತು. ಆ ಬ್ರೂವರಿಗೆ ಕೆಲಸವೇ ಬಾರದೆಂದು ಒಂದು ತಿಂಗಳು ಹೇಳಿಕೊಂಡು ತಿರುಗಿದೆವು. ಆಮೇಲೆ ಉಳಿದಿದ್ದ ಬಾಟಲಿಯನ್ನು ತಿರುಗಿಸಿ ನೋಡಿದರೆ ಅದು ತುಂಬಿ ಐದು ತಿಂಗಳು ದಾಟಿತ್ತು. ನಾವು ಕೊಂಡ ಅಂಗಡಿಯಲ್ಲಿ ಅದನ್ನು ಇಟ್ಟಿದ್ದ ಗಾಜಿನ ಕಪಾಟಿಗೆ ಮಧ್ಯಾಹ್ನದ ನಂತರ ನೇರ ಬಿಸಿಲು ಬೀಳುತ್ತಿತ್ತು. ಅದೇ ಬಿಯರನ್ನು ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಾಜಾ ಕುಡಿದಾಗ ನಾವು ಮಾಡಿದ ಅನ್ಯಾಯ ತಿಳಿಯಿತು. ಮುಂದೆ ಹೇಳುವ ಕ್ರಮವೆಲ್ಲ ಆ ಅನುಭವದಿಂದ ಹುಟ್ಟಿದ್ದು, ಮತ್ತು ಅದು 21 ವರ್ಷ ತುಂಬಿದವರಿಗಾಗಿ ಮಾತ್ರ.

ಅಂಗಡಿಯಲ್ಲಿ

ಮೊದಲು ನೋಡಬೇಕಾದದ್ದು ಹೆಸರನ್ನಲ್ಲ, ತಾರೀಖನ್ನು. ಕ್ಯಾನಿನಲ್ಲಿ ಅದು ಸಾಮಾನ್ಯವಾಗಿ ತಳದಲ್ಲಿ ಮುದ್ರಿತವಾಗಿರುತ್ತದೆ. ಬಾಟಲಿಯಲ್ಲಿ ಲೇಬಲ್ಲಿನ ಮೇಲೋ ಕುತ್ತಿಗೆಯ ಬಳಿಯೋ ಇರುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಮದ್ಯಗಳಿಗಾಗಿ 2018ರಲ್ಲಿ ರೂಪಿಸಿ 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ಮದ್ಯಸಾರದ ಪ್ರಮಾಣ ಮತ್ತು ಆರೋಗ್ಯದ ಎಚ್ಚರಿಕೆ ಇರಲೇಬೇಕು. ಅದೇ ನಿಯಮಗಳು ಶೇ. 5ರವರೆಗಿನ ಬಿಯರನ್ನು ಸಾಧಾರಣವೆಂದೂ ಅದಕ್ಕೆ ಮೇಲ್ಪಟ್ಟು ಶೇ. 8ರವರೆಗಿನದನ್ನು ಸ್ಟ್ರಾಂಗ್ ಎಂದೂ ವಿಂಗಡಿಸುತ್ತವೆ. ಆದ್ದರಿಂದ ಒಂದು ಬ್ರೂವರಿಯ ಗೋಧಿ ಬಿಯರನ್ನು ಇನ್ನೊಂದರ ಸ್ಟ್ರಾಂಗ್ ಬಿಯರಿನ ಪಕ್ಕದಲ್ಲಿಟ್ಟು ಇದು ತೆಳುವಾಗಿದೆ ಎನ್ನುವವರು ಈ ಅಂಕಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಲೇಬಲ್ಲಿನಲ್ಲಿ ಬಳಕೆಯ ಕೊನೆಯ ದಿನಾಂಕ ಆರು ತಿಂಗಳ ಆಚೆ ಇದೆಯೆಂದು ಸಮಾಧಾನ ಪಡಬೇಡಿ. ಆ ದಿನಾಂಕ ಬಿಯರು ಕುಡಿಯಲು ಯೋಗ್ಯವೇ ಎಂಬುದನ್ನು ಹೇಳುತ್ತದೆಯೇ ಹೊರತು ಪರಿಮಳ ಉಳಿದಿದೆಯೇ ಎಂಬುದನ್ನಲ್ಲ. ಐಪಿಎ ಎಂದು ಕರೆಯುವ, ಹಾಪ್ಸ್ ಹೂವಿನ ಪರಿಮಳವನ್ನೇ ನೆಚ್ಚಿಕೊಂಡ ಬಿಯರುಗಳಲ್ಲಿ ಮೊದಲು ಹೋಗುವುದು ಆ ಪರಿಮಳವೇ. ತುಂಬಿ ಮೂರು ತಿಂಗಳಾದ ಐಪಿಎಯನ್ನು ನಮ್ಮ ಬಳಗ ಕೊಳ್ಳುವುದಿಲ್ಲ. ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಕಪ್ಪು ಬಿಯರಾದ ಸ್ಟೌಟ್ ಇನ್ನೂ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ.

ಗಾಜಿನ ಬಣ್ಣವೂ ಮುಖ್ಯ. ಹಾಪ್ಸಿನಿಂದ ಬಂದ ಕಹಿಯ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕವಿರುವ ಒಂದು ದುರ್ನಾತದ ವಸ್ತು ಹುಟ್ಟುತ್ತದೆ, ಅದರ ಅತ್ಯಲ್ಪ ಪ್ರಮಾಣವೂ ಮೂಗಿಗೆ ತಿಳಿಯುತ್ತದೆ. ಕಂದು ಗಾಜು ಈ ಕೆಲಸ ಮಾಡುವ ಬೆಳಕಿನ ಬಹುಪಾಲನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ಅಲ್ಯೂಮಿನಿಯಂ ಕ್ಯಾನಿನೊಳಕ್ಕೆ ಬೆಳಕು ಹೋಗುವ ಮಾತೇ ಇಲ್ಲ. ಕ್ಯಾನಿನಲ್ಲಿ ಲೋಹದ ರುಚಿ ಬರುತ್ತದೆಂಬ ದೂರು ನಮ್ಮಲ್ಲಿ ಇಂದಿಗೂ ಕೇಳಿಬರುತ್ತದೆ, ಆದರೆ ಕ್ಯಾನಿನ ಒಳಮೈಗೆ ತೆಳುವಾದ ಲೇಪನ ಇರುವುದರಿಂದ ಬಿಯರು ಲೋಹವನ್ನು ಮುಟ್ಟುವುದೇ ಇಲ್ಲ. ಕ್ಯಾನಿಗೆ ಬಾಯಿಟ್ಟು ಕುಡಿಯುವಾಗ ಅಂಚಿನ ಲೋಹ ತುಟಿಗೂ ಮೂಗಿಗೂ ತಾಗುವುದರಿಂದ ಆ ಭಾವನೆ ಬರುತ್ತದೆ. ಲೋಟಕ್ಕೆ ಸುರಿದುಕೊಂಡರೆ ದೂರು ಮುಗಿಯುತ್ತದೆ.

ಕರಾವಳಿಯವರು ಮಾತ್ರ ನೋಡಬೇಕಾದ ಇನ್ನೊಂದು ಗುರುತಿದೆ. ಬಾಟಲಿಯ ತಗಡಿನ ಮುಚ್ಚಳದ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಉಪ್ಪುಗಾಳಿ ಕಿಟಕಿಯ ಸರಳನ್ನು ತಿನ್ನುವ ಹಾಗೆಯೇ ಮುಚ್ಚಳವನ್ನೂ ತಿನ್ನುತ್ತದೆ. ತುಕ್ಕು ಹಿಡಿದ ಮುಚ್ಚಳ ಬಿಗಿಯಾಗಿ ಇದ್ದರೂ ಇರಬಹುದು, ಆದರೆ ಆ ಬಾಟಲಿ ಈ ಊರಿನಲ್ಲಿ ಬಹಳ ದಿನ ಕೂತಿದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಬಾಟಲಿಯ ಕುತ್ತಿಗೆಯಲ್ಲಿ ಬಿಯರಿನ ಮಟ್ಟ ಪಕ್ಕದ ಬಾಟಲಿಗಳಿಗಿಂತ ಕೆಳಗಿದ್ದರೆ ಕೊಳ್ಳಬೇಡಿ. ಉಬ್ಬಿದ ಕ್ಯಾನನ್ನು ಅಂಗಡಿಯವರಿಗೆ ತೋರಿಸಿ ಬದಿಗಿರಿಸಿ. ಒಳಗೆ ಯೀಸ್ಟ್ ಮತ್ತೆ ಹುಳಿಯಲು ತೊಡಗಿ ಒತ್ತಡ ಏರಿರುವ ಸಾಧ್ಯತೆಯಿದೆ.

ಮಜಾಳಿ ದಾಟಿದರೆ ಗೋವಾ, ಮತ್ತು ಅಲ್ಲಿ ಬಗೆಬಗೆಯ ಕ್ರಾಫ್ಟ್ ಬಿಯರುಗಳು ಸಿಗುತ್ತವೆ ಎಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ಆದರೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಮುದ್ರಿಸಿದ ಕ್ಯಾನನ್ನು ಪರವಾನಗಿಯಿಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ. ಎರಡೇ ಕ್ಯಾನಲ್ಲವೇ ಎಂದು ಯಾರು ಹೇಳಿದರೂ ತರಬೇಡಿ. ಅಲ್ಲಿಯ ಬಿಯರನ್ನು ಅಲ್ಲಿಯೇ ಕುಡಿದು, ಅಲ್ಲಿಯೇ ಟಿಪ್ಪಣಿ ಬರೆದುಕೊಂಡು, ವಾಹನ ಮುಟ್ಟದೆ ಮಡಗಾಂವ್‌ನಿಂದ ರೈಲು ಹತ್ತಿ ಮರಳುವುದು ನಮ್ಮ ಪದ್ಧತಿ.

ಮನೆಯವರೆಗೆ, ಮನೆಯಲ್ಲಿ

ಬ್ರೂವರಿಯವರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟ ಬಿಯರುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಳಸಿರುತ್ತವೆ. ಇದನ್ನು ಕಾರವಾರದ ಬೇಸಿಗೆಗೆ ಹೊಂದಿಸಿ ನೋಡಿದರೆ ಗಾಬರಿಯಾಗುತ್ತದೆ. ಮಾರ್ಚಿನಿಂದ ಮೇ ತನಕ ಇಲ್ಲಿ ಹಗಲಿನ ಸೆಕೆ 32ಕ್ಕೆ ಮುಟ್ಟುವುದು ಸಾಮಾನ್ಯ; ಅಂದರೆ ಅಡುಗೆಮನೆಯ ಮೂಲೆಯಲ್ಲಿ ಮೂರು ದಿನ ಮರೆತ ಕ್ಯಾನು ಫ್ರಿಜ್ಜಿನಲ್ಲಿ ಹತ್ತು ತಿಂಗಳು ಕೂತ ಕ್ಯಾನಿಗೆ ಸಮ. ಘಟ್ಟದ ಮೇಲಿನ ಶಿರಸಿಯಲ್ಲಿ ರಾತ್ರಿಗಳಾದರೂ ತಣ್ಣಗಿರುತ್ತವೆ, ಅಲ್ಲಿನ ಗೆಳೆಯರಿಗೆ ಅಷ್ಟು ಅವಸರವಿಲ್ಲ. ಆದರೆ ದೇವಿಮನೆ ಘಟ್ಟ ಹತ್ತುವವರೆಗೆ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಹೋದ ಪೆಟ್ಟಿಗೆಗೆ ಶಿರಸಿಯ ತಂಪು ಮುಟ್ಟುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ಮೀನು ತರಲು ಇಟ್ಟುಕೊಂಡ ಥರ್ಮೋಕೋಲ್ ಪೆಟ್ಟಿಗೆಯಂಥದ್ದೇ ಇನ್ನೊಂದನ್ನು, ಮೀನು ಮುಟ್ಟಿಸದೆ, ಇದಕ್ಕಾಗಿ ಬೇರೆಯಾಗಿ ಇಟ್ಟುಕೊಳ್ಳಿ.

ಮನೆಯಲ್ಲಿ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಇಡಬೇಕು, ಮಲಗಿಸಬಾರದು. ನಿಲ್ಲಿಸಿದಾಗ ಒಳಗಿನ ಗಾಳಿ ಬಿಯರಿಗೆ ತಾಗುವ ಜಾಗ ಕಡಿಮೆ, ತಳದ ಯೀಸ್ಟೂ ಒಂದೆಡೆ ಕೂರುತ್ತದೆ. ಫ್ರಿಜ್ಜಿನ ಬಾಗಿಲಿಗಿಂತ ಒಳಗಿನ ಹಿಂಬದಿ ಉತ್ತಮ. ಮಳೆಗಾಲದಲ್ಲಿ ಕರೆಂಟು ಪದೇಪದೇ ಹೋಗುವ ದಿನಗಳಲ್ಲಿ ಹೆಚ್ಚು ಕೊಂಡು ಕೂಡಿಡಬೇಡಿ. ಜೂನ್, ಜುಲೈಯಲ್ಲಿ ರಟ್ಟಿನ ಪೆಟ್ಟಿಗೆ ತೇವ ಹೀರಿ ಮೆತ್ತಗಾಗಿ ತಳ ಕಳಚುವುದು, ಕಾಗದದ ಲೇಬಲ್ಲಿಗೆ ಬೂಸ್ಟು ಹಿಡಿಯುವುದು ನಾವು ಪ್ರತಿವರ್ಷ ಕಾಣುವ ಸಂಗತಿ. ಪ್ಯಾಕೇಜಿನ ಬಗ್ಗೆ ಬ್ರೂವರಿಗೆ ಹೇಳಬೇಕಾದ ಮಾತೊಂದು ಇದ್ದರೆ ಅದು ಇದೇ: ಚಿತ್ರ ಎಷ್ಟೇ ಚೆನ್ನಾಗಿರಲಿ, ಮಂಜುಗಡ್ಡೆಯ ನೀರಿನಲ್ಲಿ ಒಂದು ಗಂಟೆ ಇಟ್ಟಾಗ ಕಳಚಿಹೋಗುವ ಅಂಟುಲೇಬಲ್ ನಮ್ಮ ಕರಾವಳಿಗೆ ಹೇಳಿಸಿದ್ದಲ್ಲ, ಏಕೆಂದರೆ ಲೇಬಲ್ಲಿನ ಜೊತೆಗೆ ಬ್ಯಾಚಿನ ಸಂಖ್ಯೆಯೂ ಹೋಗುತ್ತದೆ. ಕ್ಯಾನಿನ ಮೈಮೇಲೆಯೇ ಮುದ್ರಿಸಿದ ಚಿತ್ರಕ್ಕೆ ಈ ತೊಂದರೆಯಿಲ್ಲ.

ಸವಿಯುವಾಗ

ಲೋಟವನ್ನು ಮೊದಲೇ ತೊಳೆದು ಬೋರಲು ಹಾಕಿ ಒಣಗಿಸಿ. ಬಂಗಡೆ ಹುರಿದ ಮನೆಯಲ್ಲಿ ಲೋಟಕ್ಕೆ ಎಣ್ಣೆಯ ಜಿಡ್ಡು ಅಂಟದೆ ಇರುವುದಿಲ್ಲ, ಮತ್ತು ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಬಿಯರು ಸುರಿದಾಗ ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡರೆ ಲೋಟ ಶುದ್ಧವಾಗಿಲ್ಲ. ನೊರೆ ನಿಲ್ಲಲಿಲ್ಲವೆಂದು ಬ್ರೂವರಿಯನ್ನು ದೂರುವ ಮೊದಲು ಲೋಟ ಬದಲಿಸಿ ನೋಡಿ. 500 ಮಿಲಿಲೀಟರಿನ ಒಂದು ಕ್ಯಾನನ್ನು ನಾಲ್ವರು ಹಂಚಿಕೊಂಡರೆ ತಲಾ 125 ಮಿಲಿಲೀಟರ್ ಬರುತ್ತದೆ. ಸವಿದು ನೋಡಲು ಅಷ್ಟು ಸಾಕು, ಮೇಲಾಗಿ ನಮ್ಮ ಸೆಕೆಯಲ್ಲಿ ದೊಡ್ಡ ಲೋಟದ ಅರ್ಧ ಮುಗಿಯುವಷ್ಟರಲ್ಲಿ ಉಳಿದರ್ಧ ಬೆಚ್ಚಗಾಗಿರುತ್ತದೆ. ಹಗುರ ರುಚಿಯ ಲಾಗರ್ ಬಿಯರನ್ನು ಫ್ರಿಜ್ಜಿನಿಂದ ತೆಗೆದ ಹಾಗೆಯೇ ಕುಡಿಯಬಹುದು; ಐಪಿಎ ಮತ್ತು ಸ್ಟೌಟ್‌ಗಳಿಗೆ ಹೊರಗೆ ಕೆಲವು ನಿಮಿಷ ಬಿಡುವು ಕೊಟ್ಟರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಗೋಧಿ ಬಿಯರಿನ ಬಾಟಲಿಯಲ್ಲಿ ಕೊನೆಯ ಎರಡು ಬೆರಳಷ್ಟು ಉಳಿದಾಗ ಮೆಲ್ಲನೆ ತಿರುಗಿಸಿ ತಳದ ಯೀಸ್ಟನ್ನೂ ಸುರಿದುಕೊಳ್ಳಿ.

ಹಗುರದಿಂದ ಭಾರದ ಕಡೆಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಯ ಕಡೆಗೆ ಹೋಗಿ. ತಿಂಡಿ ಆಮೇಲೆ. ರವೆ ಹಚ್ಚಿ ಹುರಿದ ಮೀನಿನ ಖಾರ ನಾಲಿಗೆಗೆ ತಾಗಿದ ಮೇಲೆ ಯಾವ ಬಿಯರಿನ ಬಗ್ಗೆಯೂ ನ್ಯಾಯವಾಗಿ ಮಾತಾಡಲು ಆಗುವುದಿಲ್ಲ. ಎರಡು ಬಿಯರುಗಳ ನಡುವೆ ನೀರು ಮತ್ತು ಏನೂ ಹಾಕದ ಅವಲಕ್ಕಿ ಸಾಕು.

ಹಳಸಿದ ವಾಸನೆಯನ್ನು ಗುರುತಿಸಲು ಬರದವನು ತೀರ್ಪು ಕೊಡಲಾರ, ಆದ್ದರಿಂದ ಅದನ್ನು ಬೇಕೆಂದೇ ಮಾಡಿ ಕಲಿಯಬೇಕು. ಒಂದೇ ಬ್ಯಾಚಿನ ಎರಡು ಕ್ಯಾನು ತಂದು ಒಂದನ್ನು ಫ್ರಿಜ್ಜಿನಲ್ಲಿಡಿ, ಇನ್ನೊಂದನ್ನು ಎರಡು ವಾರ ಕೋಣೆಯಲ್ಲಿ ಬಿಡಿ. ಕೊನೆಯ ದಿನ ಅದನ್ನೂ ತಣ್ಣಗೆ ಮಾಡಿ. ಬಳಿಕ ಮೂರು ಲೋಟಗಳಲ್ಲಿ ಎರಡಕ್ಕೆ ಒಂದನ್ನೂ ಮೂರನೆಯದಕ್ಕೆ ಇನ್ನೊಂದನ್ನೂ ಸುರಿದು, ಯಾವುದು ಬೇರೆಯದೆಂದು ಗೆಳೆಯರು ಕಣ್ಣುಮುಚ್ಚಿ ಹೇಳಲಿ. ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ ಮೂರರಲ್ಲಿ ಒಂದಿರುವುದರಿಂದ ಒಮ್ಮೆ ಮಾಡಿದರೆ ಸಾಲದು, ಲೋಟಗಳ ಜಾಗ ಬದಲಿಸಿ ನಾಲ್ಕೈದು ಸಲ ಮಾಡಬೇಕು. ಹಸಿರು ಬಾಟಲಿಯೊಂದನ್ನು ತಾರಸಿಯ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ತಣಿಸಿ ಮೂಸಿದರೆ ಬೆಳಕಿನ ದುರ್ನಾತವೂ ಪರಿಚಯವಾಗುತ್ತದೆ. ಒಮ್ಮೆ ಕಲಿತ ಮೂಗು ಅದನ್ನು ಮತ್ತೆ ಮರೆಯುವುದಿಲ್ಲ.

ನಮ್ಮ ನೆಲದ ಹೆಸರು ಹೊತ್ತ ಬಿಯರು ಬಂದಾಗ ಇನ್ನೂ ಹೆಚ್ಚಿನ ಕಾಳಜಿ ಬೇಕು. ಘಟ್ಟದ ಮೇಲೆ ಮುರುಗಲು ಎಂದೂ ಕಾರವಾರದ ಕೊಂಕಣಿಯಲ್ಲಿ ಭಿರಂಡ ಎಂದೂ ಕರೆಯುವ ಕೋಕಂ ಹಣ್ಣನ್ನು ಈಗ ಬಿಯರಿಗೂ ಬಳಸುತ್ತಾರೆ. ಕ್ಯಾನಿನ ಮೇಲೆ ಹಣ್ಣಿನ ಚಿತ್ರವಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಹಣ್ಣಿದೆಯೋ ಬರಿಯ ಕೃತಕ ಪರಿಮಳವಿದೆಯೋ ಓದಿ. ಗೋಜ಼ ಎಂಬ ಜರ್ಮನ್ ಬಗೆಯ ಬಿಯರು ಹುಳಿಯಾಗಿ, ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕಿ ಮಾಡಿದ್ದಾಗಿರುತ್ತದೆ. ಉಪ್ಪುಹುಳಿಯ ಸೋಲಕಡಿ ಕುಡಿದು ಬೆಳೆದ ನಾಲಿಗೆಗೆ ಇದಕ್ಕಿಂತ ಹತ್ತಿರದ ಬಿಯರು ಇಲ್ಲವೆಂದು ನನ್ನ ನಂಬಿಕೆ, ಮತ್ತು ಸಾಣಿಕಟ್ಟೆಯ ಉಪ್ಪು, ಶಿರಸಿ ಕಡೆಯ ಮುರುಗಲು ಸೇರಿದ ಗೋಜ಼ ಒಂದನ್ನು ಯಾರಾದರೂ ತರಬೇಕೆಂಬುದು ನನ್ನ ಬಹುದಿನದ ಆಸೆ. ಅಂಥದನ್ನು ಸವಿಯುವಾಗ ಎರಡು ಹುಳಿಗಳನ್ನು ಬೇರೆ ಮಾಡಲು ಪ್ರಯತ್ನಿಸಿ: ಬ್ಯಾಕ್ಟೀರಿಯಾ ಕೊಟ್ಟ ಹುಳಿ ಮೊಸರಿನದರಂತೆ ಮೃದುವಾಗಿರುತ್ತದೆ, ಹಣ್ಣಿನ ಹುಳಿ ದವಡೆಯ ಬದಿಯಲ್ಲಿ ಚುರುಕಾಗಿ ತಾಗುತ್ತದೆ. ಕೆಂಪು ಬಣ್ಣ ಮಾಸಿ ಕಂದಾಗಿದ್ದರೆ ಮತ್ತೆ ತಾರೀಖಿಗೆ ಹೋಗಿ.

ಕೊನೆಗೆ ಬರೆದಿಡುವುದು. ನಮ್ಮ ಪುಸ್ತಕದಲ್ಲಿ ಪ್ರತಿ ಬಿಯರಿಗೂ ಮೊದಲು ತುಂಬಿದ ದಿನ, ಕೊಂಡ ದಿನ, ಅಂಗಡಿಯಲ್ಲಿ ಅದು ಫ್ರಿಜ್ಜಿನಲ್ಲಿತ್ತೋ ಹೊರಗಿತ್ತೋ ಎಂಬುದು, ಬ್ಯಾಚಿನ ಸಂಖ್ಯೆ ಇವು ಬರುತ್ತವೆ. ರುಚಿಯ ಮಾತು ಅವುಗಳ ಕೆಳಗೆ. ದೋಷ ಕಂಡರೆ ಇನ್ನೊಂದು ಅಂಗಡಿಯಿಂದ ಇನ್ನೊಂದು ಬ್ಯಾಚನ್ನು ತಂದು ನೋಡುತ್ತೇವೆ. ಎರಡರಲ್ಲೂ ಅದೇ ದೋಷವಿದ್ದರೆ ಮಾತ್ರ ಬ್ರೂವರಿಗೆ ಪತ್ರ ಬರೆಯುತ್ತೇವೆ, ಮುಚ್ಚಳದ ಮತ್ತು ತಳದ ತಾರೀಖಿನ ಫೋಟೋ ಇಟ್ಟು. ಉತ್ತರ ಬರುವವರೆಗೆ ಆ ಬ್ಯಾಚಿನ ಒಂದು ಕ್ಯಾನನ್ನು ತೆರೆಯದೆ ಫ್ರಿಜ್ಜಿನ ಹಿಂಬದಿಯಲ್ಲಿ ಇಟ್ಟಿರಬೇಕು, ಅವರು ಕೇಳಿದರೆ ಕಳಿಸಿಕೊಡಲು ಬರುತ್ತದೆ.