ಮುಂದಿನ ಬ್ರೇಕ್ ಹಿಡಿಯುವುದನ್ನು ನಾನು ರೂಢಿಸಿಕೊಂಡದ್ದು

ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಕಡೆಯ ಬೀಜ-ಗೊಬ್ಬರದ ಅಂಗಡಿಗಳನ್ನು ಸುತ್ತುವುದು ನನ್ನ ಕೆಲಸ. ಹಗಲಿನ ಬಹುಪಾಲು ಬೈಕಿನ ಮೇಲೆಯೇ ಕಳೆಯುತ್ತದೆ. ನಮ್ಮ ಕಡೆ ಗಾಡಿ ಕಲಿಸುವವರು ಮೊದಲು ಹೇಳುವುದು ಒಂದೇ ಮಾತು: ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೀ.’ ನನಗೂ ನಮ್ಮ ಕಾಕಾ ಹಾಗೆಯೇ ಕಲಿಸಿದರು. ಪ್ರೀತಿಯಿಂದ ಹೇಳುವ ಈ ಮಾತೇ ಗಾಡಿ ನಿಲ್ಲಬೇಕಾದ ಹೊತ್ತಿನಲ್ಲಿ ನಿಲ್ಲದಂತೆ ಮಾಡುತ್ತದೆ ಎಂಬುದು ನನ್ನ ಸಂಕಟ.

ಹಳೆಯ ಬೈಕೊಂದನ್ನು ಕೊಂಡಾಗ ಮಿಸ್ತ್ರಿ ಎರಡೂ ಡ್ರಮ್ ಬಿಚ್ಚಿ ಬ್ರೇಕ್ ಶೂಗಳನ್ನು ನನ್ನೆದುರು ಪಕ್ಕಪಕ್ಕ ಇಟ್ಟರು. ಹಿಂದಿನ ಲೈನರ್ ಸವೆದು ಕಾಗದದಂತಾಗಿತ್ತು. ಮುಂದಿನದು ದಪ್ಪಗೆ, ಈಗಷ್ಟೇ ಕೂಡಿಸಿದಂತೆ ಇತ್ತು. ಮುಂದಿನ ಕೇಬಲ್ ಮಾತ್ರ ಒಣಗಿ ತುಕ್ಕು ಹಿಡಿದು, ಬಿಟ್ಟ ಲಿವರ್ ನಿಧಾನವಾಗಿ ವಾಪಸು ಬರುತ್ತಿತ್ತು. ‘ನೋಡಿರಿ ಸರ್, ದುಡಿಯಬೇಕಾದದ್ದನ್ನು ಮಲಗಿಸಿದ್ದಾರೆ’ ಎಂದರು ಮಿಸ್ತ್ರಿ.

ಓಡುವ ಗಾಡಿಗೆ ಬ್ರೇಕ್ ಬಿದ್ದೊಡನೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಹಿಡಿತ ಪಡೆಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ತುಳಿದರೂ ಅದು ಜಾಮ್ ಆಗಿ ಜಾರುತ್ತದೆ, ಅಷ್ಟೇ. ಒಣ ಡಾಂಬರಿನ ಮೇಲೆ ಜೋರಾಗಿ ನಿಲ್ಲಿಸುವಾಗ ಶೇ 70ಕ್ಕೂ ಹೆಚ್ಚು ಕೆಲಸ ಮುಂದಿನ ಬ್ರೇಕಿನದೇ.

ಹೊಸ ಕೇಬಲ್ ಹಾಕಿಸಿ, ನವನಗರದ ಕಡೆಯ ಖಾಲಿ ರಸ್ತೆಯೊಂದರಲ್ಲಿ ನಸುಕಿನಲ್ಲೇ ಅಭ್ಯಾಸ ಮಾಡಿದೆ. ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು, ಗಂಟೆಗೆ 20 ಕಿ.ಮೀ. ವೇಗದಿಂದ ಶುರು ಮಾಡಿ 40ಕ್ಕೆ ಹೋದೆ. ಹಿಂದಿನದನ್ನು ಮಾತ್ರ ತುಳಿದು ನಿಂತ ಜಾಗಕ್ಕೆ ಒಂದು ಕಲ್ಲು, ಎರಡನ್ನೂ ಹಿಡಿದು ನಿಂತ ಜಾಗಕ್ಕೆ ಇನ್ನೊಂದು. ಎರಡನ್ನೂ ಹಿಡಿದಾಗ ಹೆಚ್ಚುಕಡಿಮೆ ಅರ್ಧ ದೂರದಲ್ಲೇ ಗಾಡಿ ನಿಂತಿತ್ತು. ಆ ಕಲ್ಲುಗಳನ್ನು ಕಂಡ ಮೇಲೆ ಯಾರ ಮಾತೂ ಬೇಕಾಗಲಿಲ್ಲ.

ಗುಟ್ಟು ಇರುವುದು ಹಿಡಿಯುವ ಹದದಲ್ಲಿ. ಪಲ್ಟಿಯ ಭಯ ಸುಳ್ಳಲ್ಲ, ಆದರೆ ಅದು ಗಬಕ್ಕನೆ ಹಿಡಿದವರಿಗೆ. ಎಮ್ಮೆಯ ಹಾಲು ಹಿಂಡುವ ಕೈಯಂತೆ ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ ಒತ್ತಬೇಕು. ಮೊದಲ ಒತ್ತಿಗೆ ಲಿವರಿನ ಸಡಿಲು ಮುಗಿದು ಮುಂದಿನ ಶಾಕಪ್ ತಗ್ಗುತ್ತದೆ. ಭಾರ ಮುಂದೆ ಬಂತೆಂದು ಅಂಗೈಗೆ ತಿಳಿಯುತ್ತದೆ. ಜೋರು ಹಾಕಬೇಕಾದದ್ದು ಆಗ. ಹ್ಯಾಂಡಲ್ ನೆಟ್ಟಗಿರಬೇಕು, ಗಾಡಿ ವಾಲಿರಬಾರದು. ಚಕ್ರ ಜಾಮ್ ಆಯಿತೆನ್ನಿಸಿದರೆ ತಕ್ಷಣ ಸಡಿಲಿಸಿ ಮತ್ತೆ ಒತ್ತಬೇಕು.

ಎರೆ ಸೀಮೆಯಲ್ಲಿ ಇದಕ್ಕೊಂದು ಅಪವಾದವಿದೆ. ಮಳೆ ಬಿದ್ದ ಮೇಲೆ ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳು ಗಾಲಿಗೆ ಮೆತ್ತಿದ ಎರೆಮಣ್ಣನ್ನು ರಸ್ತೆಯ ಮೇಲೆ ಉದುರಿಸುತ್ತವೆ. ಅದು ನೆನೆದರೆ ಟೈರಿಗೆ ಹಿಡಿತವೇ ಸಿಗುವುದಿಲ್ಲ. ಸುಗ್ಗಿಯಲ್ಲಿ ಹಳ್ಳಿಯ ದಾರಿಗಳ ಮೇಲೆ ಹರಡಿದ ಕಡಲೆಯೂ ಹಾಗೆಯೇ, ಕಾಳು ಚಕ್ರದಡಿ ಉರುಳುತ್ತದೆ. ಇಂಥ ಕಡೆ ಮುಂದಿನ ಚಕ್ರ ಜಾರಿದರೆ ಬಿದ್ದಂತೆಯೇ. ಆದ್ದರಿಂದ ದೂರದಿಂದಲೇ ವೇಗ ಇಳಿಸಿ, ಗೇರ್ ತಗ್ಗಿಸಿ, ಹಿಂದಿನದನ್ನು ಹಗುರಾಗಿ ತುಳಿಯುತ್ತಾ ದಾಟುತ್ತೇನೆ. ಬರೀ ಒದ್ದೆಯಾದ ಡಾಂಬರಿಗೆ ಮಾತ್ರ ಈ ಹೆದರಿಕೆ ಬೇಡ. ಅಲ್ಲಿ ಎರಡೂ ಬೇಕು, ಕೈ ಮೆತ್ತಗಿರಬೇಕು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಹಿಂದಿನ ಬ್ರೇಕಿನ ಎಡಗೈ ಲಿವರ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆ ‘ಸ್ವಲ್ಪ’ವನ್ನೇ ನೆಚ್ಚಿ ಮುಂದಿನ ಬ್ರೇಕಿನ ಬಲಗೈ ಲಿವರ್ ಮರೆಯುವವರು ಬಹಳ. ಧಾರವಾಡದಲ್ಲಿರುವ ನನ್ನ ತಂಗಿಯೂ ಹಾಗೆಯೇ ಓಡಿಸುತ್ತಿದ್ದಳು. ‘ಅಣ್ಣಾ, ಬಲಗಡೆಯ ಲಿವರ್ ನನ್ನ ಬೆರಳಿಗೆ ನಿಲುಕುವುದೇ ಇಲ್ಲ’ ಎಂದಳು. ನೋಡಿದರೆ ನಿಜವಾಗಿಯೂ ಲಿವರ್ ಅರ್ಧ ದಾರಿ ಬಂದ ಮೇಲೆ ಬ್ರೇಕ್ ಹಿಡಿಯುತ್ತಿತ್ತು. ಚಕ್ರದ ಬಳಿಯ ನಟ್ಟನ್ನು ಒಂದಿಷ್ಟು ಬಿಗಿದು, ಚಕ್ರ ಸರಾಗವಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿ ಕೊಟ್ಟೆ. ಈಗ ಬೆರಳ ತುದಿ ತಾಗಿದರೆ ಸಾಕು, ಬ್ರೇಕ್ ಹಿಡಿಯುತ್ತದೆ.